ಬಿಸಿಲು ಗಾಳಿಯ ವಿದ್ಯುತ್ತು ಮತ್ತು ನಮ್ಮ ಸೀಮೆಯ ದುಡಿಮೆ



ಚಾಕಣಕ್ಕೆ ನಮ್ಮಲ್ಲಿ ಹೆಚ್ಚಿನವರು ಬಂದದ್ದು ಕೆಲಸಕ್ಕಾಗಿ. ಊರಿನಲ್ಲಿ ಹೊಲವಿದ್ದರೆ ಮಳೆ ಇಲ್ಲ; ಗಿರಣಿ ಇದ್ದ ಕಡೆ ಗಿರಣಿ ಮುಚ್ಚಿತು. ಈಗ ಗದಗ, ಕೊಪ್ಪಳ, ವಿಜಯಪುರಗಳ ಕಡೆ ಅಂಥ ಹೊಲಗಳನ್ನೇ ಗಾಳಿಯಂತ್ರಕ್ಕೆ, ಸೌರಫಲಕಕ್ಕೆ ಕೇಳುತ್ತಿದ್ದಾರೆ. ಬಿಸಿಲು, ಗಾಳಿ, ಹರಿಯುವ ನೀರು ಇವು ಕಲ್ಲಿದ್ದಲಿನಂತೆ ಉರಿದು ತೀರುವವಲ್ಲ. ಆದರೆ ಇವುಗಳಿಂದ ಸೋತ ಸೀಮೆಗೆ ಅನ್ನ ದೊರೆಯುವುದೇ? ನಮ್ಮ ನಾಡಿನ ಎರಡು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ಕೋಲಾರದ ಚಿನ್ನದ ಗಣಿ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 92 ಮೈಲಿ ತಂತಿ ಎಳೆದು ಗಣಿಗಳಿಗೆ ವಿದ್ಯುತ್ತು ಕೊಟ್ಟರು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷಗಳ ತರುವಾಯ. ಆದರೆ ಆ ಪಟ್ಟಣ ಚಿನ್ನವೊಂದನ್ನೇ ನಂಬಿತ್ತು. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ವಿದ್ಯುತ್ತು ಉಳಿಯಿತು, ಕೆಲಸ ಉಳಿಯಲಿಲ್ಲ. ಇಂದು ಅಲ್ಲಿಯ ಜನ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಎರಡನೆಯದು ತುಮಕೂರು ಜಿಲ್ಲೆಯ ಪಾವಗಡ. ಬರಕ್ಕೆ ಹೆಸರಾದ ಈ ತಾಲ್ಲೂಕಿನಲ್ಲಿ ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಶಕ್ತಿಯ ಸೌರ ಉದ್ಯಾನ ಎದ್ದಿದೆ. 2018ರಲ್ಲಿ ಅದರ ಉದ್ಘಾಟನೆಯಾಯಿತು. ಇಲ್ಲಿ ಮೆಚ್ಚತಕ್ಕ ಸಂಗತಿಯೆಂದರೆ, ಜಮೀನನ್ನು ಕ್ರಯಕ್ಕೆ ಪಡೆಯದೆ 28 ವರ್ಷಗಳ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ. ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಲೆಕ್ಕ ಹಾಕಿರಿ: ಐದು ಎಕರೆಯವನಿಗೆ ಮೊದಲ ವರ್ಷ 1,05,000 ರೂಪಾಯಿ, ತಿಂಗಳಿಗೆ 8,750. ಮಳೆ ಬಂದರೂ ಸರಿ, ಹೋದರೂ ಸರಿ.

ಆದರೆ ಜಮೀನಿಲ್ಲದವನಿಗೆ ಈ ಹಣವಿಲ್ಲ. ಶೇಂಗಾ ಹೊಲದ ಕೂಲಿಯೂ ಕುರಿ ಮೇಯುವ ಬಯಲೂ ಅವನ ಕೈತಪ್ಪಿದವು. ಫಲಕ ಕೂಡಿಸುವಾಗ ಬೇಕಾದಷ್ಟು ಆಳು ಆಮೇಲೆ ಬೇಡ. ಉಳಿಯುವುದು ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ.

ಇದರಿಂದ ತಿಳಿಯತಕ್ಕದ್ದು ಇಷ್ಟೇ: ವಿದ್ಯುತ್ತು ತಂತಿ ಹಿಡಿದು ದೂರ ಹೋಗುತ್ತದೆ, ಭೂಮಿಯ ಒಡೆತನ, ಯಂತ್ರ ಮಾಡುವ ಕಾರ್ಖಾನೆ, ಅದನ್ನು ದುರಸ್ತಿ ಮಾಡುವ ವಿದ್ಯೆ ಇವು ಮಾತ್ರ ಊರಿನಲ್ಲಿ ನಿಲ್ಲುತ್ತವೆ. 2015ರಲ್ಲಿ ನಮ್ಮ ಚಾಕಣದಲ್ಲೇ ಆರಂಭವಾದ ಜಿ.ಇ. ಕಾರ್ಖಾನೆಯನ್ನು ಗಾಳಿಯಂತ್ರದ ಭಾಗಗಳನ್ನೂ ತಯಾರಿಸುವಂತೆ ಕಟ್ಟಿದರು. ಅಂಥ ಕಾರ್ಖಾನೆ, ಅಂಥ ತರಬೇತಿ ನಮ್ಮ ಜಿಲ್ಲೆಗಳಿಗೂ ಬರಬೇಕೆಂದು ಕೇಳುವುದು ನ್ಯಾಯ.

ಊರಿನಲ್ಲಿ ಜಮೀನಿರುವವರು ಸಹಿ ಮಾಡುವ ಮುನ್ನ ಇಷ್ಟನ್ನು ನೋಡಿರಿ:

1. ಉತಾರದಲ್ಲಿ ಹೆಸರು ನಿಮ್ಮದೇ ಉಳಿಯುವುದೇ?
2. ಬಾಡಿಗೆ ಎಷ್ಟು ವರ್ಷಕ್ಕೆ, ಎಷ್ಟು ಏರುವುದು?
3. ಅವಧಿ ಮುಗಿದ ಮೇಲೆ ಕಾಂಕ್ರೀಟು, ಕಂಬ ತೆಗೆಯುವವರು ಯಾರು?
4. ಊರಿನ ಹುಡುಗರಿಗೆ ತರಬೇತಿ, ಕೆಲಸ ಎಂದು ಬರೆದಿದೆಯೇ, ಬರೀ ಬಾಯಿಮಾತೇ?

ಕರಾರುಪತ್ರ ಓದಲು ತೊಡಕಾದರೆ ಅದರ ಪ್ರತಿಯನ್ನು ವಾಚನಾಲಯಕ್ಕೆ ತನ್ನಿರಿ, ಕೂಡಿ ಓದೋಣ.