ಗುಡ್ಡಕ್ಕೆ ಬೆಂಕಿ ಬೀಳುವ ಮುನ್ನ ಓಣಿಯಲ್ಲಿ ದಾರಿ ಬಿಡಿಸಿ

ಹಿಂಗಾರಿ ಸುಗ್ಗಿ ಮುಗಿಯುವ ಹೊತ್ತಿಗೆ ಕಪ್ಪತಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಚಾಚಿರುವ ಈ ಗುಡ್ಡಸಾಲಿನ 244 ಚದರ ಕಿಲೋಮೀಟರ್ 2019ರಿಂದ ವನ್ಯಜೀವಿಧಾಮ. ಬೇಸಿಗೆ ಬಂತೆಂದರೆ ಇಲ್ಲಿ ಬೆಂಕಿಯ ಸುದ್ದಿಯೂ ಬರುತ್ತದೆ. ಗುಡ್ಡದ ಮೇಲೆ ಹಸಿ ಟೊಂಗೆ ಹಿಡಿದು ಬೆಂಕಿ ಬಡಿಯುವವರು ಅರಣ್ಯ ಸಿಬ್ಬಂದಿ. ಕೆಳಗೆ, ಕಳಸಾಪುರದಂಥ ಊರುಗಳಲ್ಲಿ ನಾವು ಮಾಡಬೇಕಾದ ಕೆಲಸವೊಂದಿದೆ: ಅಗ್ನಿಶಾಮಕ ವಾಹನ ಒಳಗೆ ಬರಲು, ಜನ ಮತ್ತು ದನ ಹೊರಗೆ ಹೋಗಲು ದಾರಿ ತೆರವಾಗಿಡುವುದು.

ನಮ್ಮ ಓಣಿಗಳನ್ನೇ ನೋಡಿ. ಒಂದು ಬದಿಗೆ ಟ್ರ್ಯಾಕ್ಟರ್, ಅದರ ಹಿಂದೆ ಬಿಚ್ಚಿಟ್ಟ ಟ್ರೇಲರ್, ಎದುರು ಬದಿಗೆ ಟಂಟಂ, ನಡುವೆ ಎರಡು ಬೈಕು. ಹಿತ್ತಲಲ್ಲಿ ಬಣವಿ, ಪಕ್ಕದಲ್ಲೇ ಕೊಟ್ಟಿಗೆ. ಬಣವಿಗೆ ಕಿಡಿ ತಾಗಿದರೆ ಕೊಡದ ನೀರು ಸಾಲುವುದಿಲ್ಲ. ಗದಗದಿಂದ ಬಂದ ಅಗ್ನಿಶಾಮಕ ವಾಹನ ಅಗಸಿಯಲ್ಲೇ ನಿಂತು, ಟ್ರೇಲರ್ ಯಾರದ್ದೆಂದು ಹುಡುಕುವಂತಾದರೆ ಕಳೆಯುವ ಒಂದೊಂದು ನಿಮಿಷಕ್ಕೂ ಬೆಲೆ ತೆರಬೇಕಾಗುತ್ತದೆ.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಅಮೆರಿಕದ ಓಕ್ಲೆಂಡ್ ಗುಡ್ಡಗಳಲ್ಲಿ 1991ರ ಬೆಂಕಿಗೆ 25 ಜನ ಸತ್ತರು. ಕಿರಿದಾದ ರಸ್ತೆಗಳಲ್ಲಿ ವಾಹನ ಸಿಕ್ಕಿಕೊಂಡು ತಪ್ಪಿಸಿಕೊಳ್ಳಲಾಗದವರೂ ಅವರಲ್ಲಿದ್ದರು. ಲಾಸ್ ಏಂಜಲಿಸ್ ನಗರದಲ್ಲಿ ಈಗ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಗಾಳಿಯ ತೇವಾಂಶ ಶೇ 15ಕ್ಕೆ ಇಳಿದು, ಗಾಳಿ ಗಂಟೆಗೆ 40 ಕಿಲೋಮೀಟರ್ ದಾಟುವಂಥ ದಿನ ಅಗ್ನಿಶಾಮಕ ಇಲಾಖೆ ಎಚ್ಚರಿಕೆ ಹೊರಡಿಸುತ್ತದೆ. ಫಲಕ ಹಾಕಿದ ಗುಡ್ಡದ ಇಕ್ಕಟ್ಟಾದ ರಸ್ತೆ, ತಿರುವು, ಕೂಡುರಸ್ತೆಗಳಲ್ಲಿ ಅಂದು ವಾಹನ ನಿಲ್ಲಿಸಿದರೆ ಎಳೆದೊಯ್ಯುತ್ತಾರೆ. ವರ್ಷಪೂರ್ತಿ ನಿಷೇಧವಿಲ್ಲ, ಅಪಾಯದ ದಿನ ಮಾತ್ರ. ನಮ್ಮೂರಿಗೂ ಹೊಂದುವುದು ಈ ಬಗೆಯೇ. ಮನೆ ಮುಂದೆ ಗಾಡಿ ನಿಲ್ಲಿಸಲೇಬೇಡಿ ಎಂದು ರೈತನಿಗೆ ಹೇಳುವುದು ನ್ಯಾಯವೂ ಅಲ್ಲ, ನಡೆಯುವ ಮಾತೂ ಅಲ್ಲ.

ಮೊದಲ ಹೆಜ್ಜೆ: ಓಣಿ ಅಳೆಯಿರಿ

ಅಗ್ನಿಶಾಮಕ ವಾಹನದ ಅಗಲ ಸುಮಾರು ಎರಡೂವರೆ ಮೀಟರ್. ಪಕ್ಕದಲ್ಲಿ ಪೈಪು ಎಳೆಯಲು, ಬಾಗಿಲು ತೆರೆಯಲು ಜಾಗ ಸೇರಿಸಿದರೆ ನಾಲ್ಕು ಮೀಟರಾದರೂ ಬೇಕು. ಟೇಪು ಹಿಡಿದು ಅಗಸಿಯಿಂದ ಊರ ಕೊನೆಯವರೆಗೆ ಒಮ್ಮೆ ನಡೆಯಿರಿ. ಕಟ್ಟೆ, ವಿದ್ಯುತ್ ಕಂಬ, ಗಟಾರದ ಮೇಲಿನ ಕಲ್ಲು, ತಗ್ಗಿದ ತಂತಿ ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ತಿರುವಿನಲ್ಲಿ ದೊಡ್ಡ ಗಾಡಿಗೆ ಹೆಚ್ಚು ಜಾಗ ಬೇಕೆಂಬುದನ್ನು ಮರೆಯಬಾರದು. ಊರಿನ ಎಲ್ಲ ಓಣಿಗಳನ್ನೂ ತೆರವು ಮಾಡಲಾಗದು. ಒಳಬರಲು ಒಂದು, ಹೊರಹೋಗಲು ಇನ್ನೊಂದು ದಾರಿ ಆರಿಸಿದರೆ ಸಾಕು. ಎರಡೂ ಗುಡ್ಡದ ಬದಿಗೇ ಬಾಯಿ ಬಿಡಬಾರದು.

ಎರಡನೆಯದು: ಬದಲಿ ಜಾಗ ಕೊಡಿ

ಇದಾಗದೆ ಉಳಿದ ಯಾವ ನಿಯಮವೂ ನಿಲ್ಲದು. ಊರ ಹೊರಗೆ, ಗುಡ್ಡಕ್ಕೆ ಬೆನ್ನಾದ ಬದಿಯಲ್ಲಿ ಬಯಲು ನೋಡಿ. ಅಲ್ಲಿನ ಹುಲ್ಲು ಕೆತ್ತಿಸಿ ಮಣ್ಣು ಕಾಣುವಂತೆ ಮಾಡುವುದು ಅತಿ ಮುಖ್ಯ. 2019ರ ಫೆಬ್ರುವರಿ 23ರಂದು ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನದ ಹೊತ್ತಿಗೆ, ಒಣಹುಲ್ಲಿನ ಬಯಲಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದ್ದ ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಓಡಿ ಬಂದ ಗಾಡಿಯ ಸೈಲೆನ್ಸರ್ ಕಾದ ಹಂಚಿಗಿಂತ ಬಿಸಿ; ಅದರ ಕೆಳಗಿನ ಒಣಹುಲ್ಲಿಗೆ ಬೇರೆ ಕಿಡಿ ಬೇಕಿಲ್ಲ. ಗಾಡಿಗಳ ನಡುವೆ ಅಂತರ ಬಿಡಿ, ಮುಖ ರಸ್ತೆಯತ್ತ ಇರಲಿ.

ಮೂರನೆಯದು: ಠರಾವು ಮತ್ತು ಡಂಗುರ

ಸುಗ್ಗಿಗೆ ಮೊದಲೇ ಗ್ರಾಮಸಭೆಯಲ್ಲಿ ವಿಷಯ ಇಡಿ. ಯಾವ ಓಣಿ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಠರಾವು ಬರೆಸಿ. ಉರಿಬಿಸಿಲಿನ ಜೊತೆ ಗಾಳಿ ಬೀಸುವ ದಿನ, ಮಧ್ಯಾಹ್ನ 12ರಿಂದ ಸಂಜೆ 6 ಎಂದಿಟ್ಟುಕೊಳ್ಳಬಹುದು. ಗುಡ್ಡದಲ್ಲಿ ಬೆಂಕಿ ಕಂಡರಂತೂ ಆರುವವರೆಗೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದಿಂದ ಬೆಂಕಿ ಗುರುತಿಸಿ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಸಾರ್ವಜನಿಕರೂ ಹೆಸರು ನೋಂದಾಯಿಸಬಹುದು. ಊರಿನ ಇಬ್ಬರು ಯುವಕರು ನೋಂದಾಯಿಸಿಕೊಳ್ಳಲಿ. ಸಂದೇಶ ಬಂದೊಡನೆ ಗುಡಿಯ ಮೈಕಿನಲ್ಲಿ ಸಾರಬೇಕು. ವಾಟ್ಸ್ಆ್ಯಪ್ ಒಂದನ್ನೇ ನಂಬಿದರೆ ಮನೆಯಲ್ಲಿರುವ ಹಿರಿಯರಿಗೆ ಗೊತ್ತಾಗುವುದಿಲ್ಲ.

ಠರಾವಿನ ಪ್ರತಿಯನ್ನು ಪೊಲೀಸ್ ಠಾಣೆಗೂ ಅಗ್ನಿಶಾಮಕ ಠಾಣೆಗೂ ಕೊಡಿ. ಅಡಚಣೆ ಅಥವಾ ಅಪಾಯವಾಗುವಂತೆ ವಾಹನ ನಿಲ್ಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ನಿಷೇಧಿಸುತ್ತದೆ. ಅಂಥದ್ದನ್ನು ಎಳೆಸುವ ಅಧಿಕಾರ 127ನೇ ಕಲಮಿನಡಿ ಪೊಲೀಸರಿಗಿದೆ. ಅಗ್ನಿಶಾಮಕ ವಾಹನಕ್ಕೆ ದಾರಿ ಬಿಡದ ಚಾಲಕನಿಗೆ 10,000 ರೂಪಾಯಿ ದಂಡವಿದೆ. ಆದರೆ ಊರೊಳಗೆ ದಂಡಕ್ಕಿಂತ ಪಕ್ಕದ ಮನೆಯವರ ಒಂದು ಮಾತು ಬೇಗ ಕೆಲಸ ಮಾಡುತ್ತದೆ. ಓಣಿಗೊಬ್ಬರನ್ನು ನೇಮಿಸಿ, ನಿಲ್ಲಿಸಿದ ಗಾಡಿಗಳ ಬೀಗದ ಕೈ ಎಲ್ಲಿದೆ ಎಂಬುದು ಅವರಿಗೆ ಗೊತ್ತಿರಲಿ. ಮಾಲೀಕ ಹೊಲದಲ್ಲಿದ್ದಾಗ ಟ್ರ್ಯಾಕ್ಟರ್ ಸರಿಸುವವರು ಯಾರೆಂದು ಮೊದಲೇ ಗೊತ್ತಾಗಿರಬೇಕು.

ರಸ್ತೆ ಮೇಲಿನ ರಾಶಿಯ ಮಾತೂ ಇಲ್ಲೇ ಬರಬೇಕು. ಒಕ್ಕಲೆಂದು ರಸ್ತೆಗೆ ಹರಡಿದ ಹುರುಳಿ ಬಳ್ಳಿ ಕಾರಿನ ಚಕ್ರಕ್ಕೂ ಆಕ್ಸಲ್‌ಗೂ ಸುತ್ತಿಕೊಂಡು, ತಿಕ್ಕಾಟದಿಂದ ಕಾದು, ಗಾಡಿಯೇ ಹೊತ್ತಿಕೊಂಡ ಪ್ರಕರಣಗಳು ನಮ್ಮ ರಾಜ್ಯದಲ್ಲಿ ನಡೆದಿವೆ. ಆರಿಸಿದ ಎರಡು ದಾರಿಗಳ ಮೇಲೆ ರಾಶಿ ಹಾಕುವುದು, ಹೊಟ್ಟು ಒಟ್ಟುವುದು ಬೇಡವೇ ಬೇಡ.

ಕಪ್ಪತಮಲ್ಲೇಶ್ವರನ ದರ್ಶನಕ್ಕೆ ಬೇಸಿಗೆಯಲ್ಲಿ ಗುಡ್ಡ ಏರುವವರು ತಿರುವಿನಲ್ಲಿ, ಹುಲ್ಲಿನ ಅಂಚಿನಲ್ಲಿ ಕಾರು ನಿಲ್ಲಿಸಬೇಡಿ. ಹೊಗೆ ಕಂಡರೆ ಫೋಟೊಗೆ ನಿಲ್ಲದೆ ಕೆಳಗಿಳಿಯಿರಿ. ಗಾಡಿ ಬಿಟ್ಟು ಓಡಲೇಬೇಕಾದರೆ ಪೂರ್ತಿ ಬದಿಗೆ ಸರಿಸಿ, ಕಿಟಕಿ ಏರಿಸಿ, ಬೀಗದ ಕೈ ಒಳಗೇ ಬಿಡಿ. 2025ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನ ಪ್ಯಾಲಿಸೇಡ್ಸ್ ಬೆಂಕಿಯ ವೇಳೆ ಜನ ನಡುರಸ್ತೆಯಲ್ಲೇ ಬಿಟ್ಟುಹೋದ ಕಾರುಗಳನ್ನು ಬುಲ್ಡೋಜರಿನಿಂದ ನೂಕಿ ದಾರಿ ಮಾಡಬೇಕಾಯಿತು.

ಜನ ಹೊರಡುವ ಪ್ರಸಂಗ ಬಂದರೆ ಮೊದಲು ನಡೆಯಲಾಗದ ಹಿರಿಯರು, ಬಾಣಂತಿಯರು, ಮಕ್ಕಳು. ಕೊಟ್ಟಿಗೆಯ ದನಗಳ ಹಗ್ಗ ಬಿಚ್ಚಿ ಗುಡ್ಡದ ವಿರುದ್ಧ ದಿಕ್ಕಿಗೆ ಹೊಡೆಯಿರಿ. ಚಕ್ಕಡಿ ಹೂಡುತ್ತ ನಿಲ್ಲಬೇಡಿ. 101 ಅಥವಾ 112ಕ್ಕೆ ಕರೆ ಮಾಡಿದಾಗ ಊರಿನ ಹೆಸರಿನ ಜೊತೆಗೆ ಯಾವ ಅಗಸಿಯಿಂದ ಬರಬೇಕು, ನೀರು ತುಂಬಲು ಹತ್ತಿರದ ಬೋರ್‌ವೆಲ್ ಅಥವಾ ಕೃಷಿಹೊಂಡ ಎಲ್ಲಿದೆ ಎಂಬುದನ್ನೂ ಹೇಳಿ, ಒಬ್ಬರನ್ನು ಮುಖ್ಯ ರಸ್ತೆಗೆ ಕಳಿಸಿ ನಿಲ್ಲಿಸಿ.