ಮಂದ ಬೆಳಕಿನಲ್ಲಿ ಮುಖದ ಫೋಟೊ: ಫ್ಲ್ಯಾಶ್ ಬಳಸುವ ಬಗೆ



ನಮ್ಮ ಒಂದು ಸಂಘದ ಹಿರಿಯ ಸದಸ್ಯೆ ತೀರಿಕೊಂಡಾಗ ಫ್ರೇಮು ಹಾಕಿಸಲು ಮನೆಯವರು ಫೋಟೊ ಹುಡುಕಿದರು. ಸಿಕ್ಕಿದ್ದು ಒಂದೇ, ಸಂಘದ ವಾರ್ಷಿಕೋತ್ಸವದ ರಾತ್ರಿ ನಾನು ತೆಗೆದದ್ದು. ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಕಣ್ಣಲ್ಲಿ ಕೆಂಪು ಚುಕ್ಕಿ, ಹಿಂದಿನ ಗೋಡೆಯಲ್ಲಿ ಕಪ್ಪು ನೆರಳು. “ಸಿಸ್ಟರ್, ಇದು ನಮ್ಮ ಅಮ್ಮನ ಹಾಗೇ ಇಲ್ಲ” ಅಂದಳು ಮಗಳು. ಅವಳು ಹೇಳಿದ್ದು ಸರಿ. ಕ್ಯಾಮರಾದೊಳಗಿನ ಫ್ಲ್ಯಾಶನ್ನು ನಾನು ನೇರ ಮುಖಕ್ಕೇ ಹೊಡೆದಿದ್ದೆ.

ಈಗ ನಮ್ಮ ಕೆಲವು ಸದಸ್ಯೆಯರು ಸಂಘದ ಸಾಲದಿಂದ ಕ್ಯಾಮರಾ ಕೊಂಡು ನಿಶ್ಚಿತಾರ್ಥ, ನಾಮಕರಣ, ರೋಸ್ ಅಂತ ಹೋಗುತ್ತಿದ್ದಾರೆ. ಇವೆಲ್ಲ ಹೆಚ್ಚಾಗಿ ಸಂಜೆ, ರಾತ್ರಿಯ ಕೆಲಸ. ಅದಕ್ಕೇ ಈ ಪಾಠ.

ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಲೆನ್ಸಿನ ಪಕ್ಕದಿಂದಲೇ ಬೆಳಕು ಹೊಡೆದರೆ ಅದು ಕಣ್ಣಿನ ಹಿಂಭಾಗದ ರಕ್ತನಾಳಗಳಿಗೆ ತಾಗಿ ಬಂದ ದಾರಿಯಲ್ಲೇ ವಾಪಸಾಗುತ್ತದೆ. ಕೆಂಪು ಚುಕ್ಕಿ ಬರುವುದು ಹೀಗೆ.

ಕ್ಯಾಮರಾದ ಮೇಲೆ ಕೂರಿಸುವ ಬೇರೆ ಫ್ಲ್ಯಾಶಿನ ತಲೆಯನ್ನು ತಿರುಗಿಸಬಹುದು, ಅದರ ಲಾಭ ಇರುವುದೇ ಇಲ್ಲಿ. ಮುಖಕ್ಕೆ ಗುರಿಯಿಡದೆ ಬಿಳಿ ತಾರಸಿಗೋ ಪಕ್ಕದ ಬಿಳಿ ಗೋಡೆಗೋ ಹೊಡೆಯಿರಿ. ಬೆಳಕು ಅಲ್ಲಿಂದ ಹರಡಿಕೊಂಡು ಮುಖದ ಮೇಲೆ ಮೆತ್ತಗೆ ಬೀಳುತ್ತದೆ, ಕಿಟಕಿಯ ಬೆಳಕಿನ ಹಾಗೆ. ಆದರೆ ನಮ್ಮಲ್ಲಿ ಹಂಚಿನ ಮನೆಗಳೇ ಜಾಸ್ತಿ. ಹಂಚಿಗೆ ಹೊಡೆದರೆ ಬೆಳಕು ಅರ್ಧ ನುಂಗಿಹೋಗುತ್ತದೆ, ಉಳಿದದ್ದು ಮುಖಕ್ಕೆ ಕೆಂಪು ಬಳಿಯುತ್ತದೆ. ಆಗ ದೊಡ್ಡ ಬಿಳಿ ಥರ್ಮೊಕೋಲ್ ಶೀಟೊಂದನ್ನು ಯಾರಾದರೂ ಪಕ್ಕದಲ್ಲಿ ಹಿಡಿದು ನಿಲ್ಲಲಿ; ಫ್ಲ್ಯಾಶ್ ಅದರ ಕಡೆ ತಿರುಗಿರಲಿ. ಮದುವೆ ಮನೆಯಲ್ಲಿ ಹಿಡಿಯಲು ಮಕ್ಕಳು ಸಿಗದೇ ಇರುತ್ತಾರೆಯೇ!

ಕ್ಯಾಮರಾವನ್ನು ‘ಎಂ’ಗೆ ಇಟ್ಟು 1/60 ಸೆಕೆಂಡು, ಎಫ್ 4, ಐ.ಎಸ್.ಓ. 800ರಿಂದ ಶುರು ಮಾಡಿ. ಫ್ಲ್ಯಾಶಿನ ಮಿಂಚು ಇದಕ್ಕಿಂತ ಎಷ್ಟೋ ಬೇಗ ಮುಗಿದುಹೋಗುತ್ತದೆ. 1/60 ಬೇಕಾಗಿರುವುದು ಕೋಣೆಯ ಬಲ್ಬು, ದೀಪಗಳ ಬೆಳಕು ಚಿತ್ರದಲ್ಲಿ ಉಳಿಯಲು. 1/200ಕ್ಕೆ ಹೋದರೆ ಹಿಂಬದಿ ಕಪ್ಪಾಗುತ್ತದೆ. ಅದಕ್ಕೂ ಮೇಲೆ ಹೋದರೆ ಅನೇಕ ಕ್ಯಾಮರಾಗಳಲ್ಲಿ ಚಿತ್ರಕ್ಕೆ ಕಪ್ಪು ಪಟ್ಟಿಯೇ ಬರುತ್ತದೆ.

ಟಿ.ಟಿ.ಎಲ್. ಎಂಬ ಆಟೊ ವ್ಯವಸ್ಥೆಯನ್ನು ಪೂರ್ತಿ ನಂಬಬೇಡಿ. ಹಿಂದೆ ಕಪ್ಪು ಗೋಡೆಯಿದ್ದರೆ ಅದು ಬೆಳಕು ಸಾಲದು ಅಂದುಕೊಂಡು ಜಾಸ್ತಿ ಸುರಿಯುತ್ತದೆ, ಮುಖ ಬಿಳಿಚುತ್ತದೆ. ಫ್ಲ್ಯಾಶನ್ನು ಮೈನಸ್ 1ಕ್ಕೆ ಇಳಿಸಿ. ವಧುವಿನ ಬಿಳಿ ಸೀರೆಗೆ ಇದರ ಉಲ್ಟಾ, ಪ್ಲಸ್ 1. “ನನ್ನನ್ನು ಸ್ವಲ್ಪ ಬೆಳ್ಳಗೆ ಮಾಡಿ” ಅಂತ ಕೇಳುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ. ಕಪ್ಪು ಮುಖಕ್ಕೆ ಬೆಳಕು ಪಕ್ಕದಿಂದ ಮೆತ್ತಗೆ ಬಿದ್ದರೆ ಕೆನ್ನೆ, ಹಣೆ, ನಗುವಿನ ಗೆರೆ ಎಲ್ಲ ಎದ್ದು ಕಾಣುತ್ತವೆ. ಬೆಳ್ಳಗೆ ಮಾಡಿದರೆ ಅಳಿಸಿಹೋಗುವುದು ಅವೇ.

ಗುಂಪಿನ ಫೋಟೊಗೆ ಒಂದು ಲೆಕ್ಕ: ನೇರ ಫ್ಲ್ಯಾಶಿನಿಂದ 5 ಅಡಿ ದೂರದವಳಿಗೆ ಸಿಗುವ ಬೆಳಕಿನ ಕಾಲು ಭಾಗವಷ್ಟೇ 10 ಅಡಿಯವಳಿಗೆ ಸಿಗುತ್ತದೆ. ಸಾಲುಗಳು ಒಂದಕ್ಕೊಂದು ಒತ್ತಾಗಿರಲಿ, ನೀವು ಹಿಂದೆ ಸರಿದು ನಿಲ್ಲಿ.

ಸಾಲ ತೆಗೆಯುವ ಮೊದಲು ನಿಮ್ಮ ಕ್ಯಾಮರಾವನ್ನು ಅಂಗಡಿಗೆ ಒಯ್ದು, ಫ್ಲ್ಯಾಶನ್ನು ಅದಕ್ಕೆ ಹಾಕಿಸಿಯೇ ನೋಡಿ. ತಲೆ ಮೇಲಕ್ಕೂ ಪಕ್ಕಕ್ಕೂ ತಿರುಗಬೇಕು. ಸೆಲ್ ಹಾಕುವಂಥದ್ದಾದರೆ ರೀಚಾರ್ಜ್ ಸೆಲ್‌ಗಳ ಎರಡು ಜೊತೆ ಇಟ್ಟುಕೊಳ್ಳಿ, ಹಳತು ಹೊಸತು ಬೆರೆಸಬೇಡಿ. ಕೆಟ್ಟರೆ ಮನೆಯಲ್ಲಿ ಬಿಚ್ಚಲೇಬೇಡಿ. ಸೆಲ್ ತೆಗೆದ ಮೇಲೂ ಒಳಗೆ ಸುಮಾರು 300 ವೋಲ್ಟ್ ಉಳಿದಿರಬಹುದು.