ಸಭೆಯ ಮಾತು, ಶ್ರೋತೃಗಳ ವಿವೇಚನೆ

ಮಾತಿನಿಂದ ಕೇಳುವವರ ಮನಸ್ಸನ್ನು ಒಲಿಸಿಕೊಳ್ಳುವುದು ದೋಷವೇನೂ ಅಲ್ಲ. ಅದು ಯಾವ ಉದ್ದೇಶಕ್ಕಾಗಿ ಎಂಬುದನ್ನು ನೋಡಬೇಕು. ದಶಪ್ರಕರಣಗಳಲ್ಲೊಂದಾದ 'ಕಥಾಲಕ್ಷಣ'ದಲ್ಲಿ ಶ್ರೀಮದಾಚಾರ್ಯರು ಮಾಡಿರುವ ವಿಭಾಗವು ಇದನ್ನೇ ಆಧರಿಸಿದೆ. ಇಲ್ಲಿ ಕಥೆಯೆಂದರೆ ಹರಿಕಥೆಯಲ್ಲ, ಶಾಸ್ತ್ರಚರ್ಚೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ; ಸಜ್ಜನರಲ್ಲಿಯೇ ಕೀರ್ತಿ, ಸ್ಪರ್ಧೆಗಳಿಗಾಗಿ ನಡೆಯುವುದು ಜಲ್ಪ; ದುರ್ವಾದಿಗಳೊಡನೆ ಸ್ವಪಕ್ಷವನ್ನು ಮುಂದಿಡದೆ ನಡೆಸುವುದು ವಿತಂಡ. ನಿರ್ಣಯ ಹೇಳುವ ಪ್ರಾಶ್ನಿಕರು ರಾಗದ್ವೇಷವಿಲ್ಲದ ವಿದ್ವಾಂಸರಾಗಿರಬೇಕು. ಇಂದಿನ ಪ್ರವಚನಸಭೆಗಳಲ್ಲಿ ಪ್ರಾಶ್ನಿಕರ ಪೀಠವಿಲ್ಲ. ಆದ್ದರಿಂದ ಆ ಹೊಣೆಯು ಕೇಳುವ ನಮ್ಮ ಮೇಲೆಯೇ ಬಿದ್ದಿದೆ.

ಮಾತುಗಾರನ ಮೊದಲನೆಯ ಸಾಧನ ಕೇಳುವವರ ಭಾಷೆ. 1999ರ ಲೋಕಸಭಾ ಚುನಾವಣೆಯಲ್ಲಿ ಬಳ್ಳಾರಿಯಿಂದ ಶ್ರೀಮತಿ ಸೋನಿಯಾ ಗಾಂಧಿಯವರ ಎದುರು ನಿಂತ ಶ್ರೀಮತಿ ಸುಷ್ಮಾ ಸ್ವರಾಜ್ ಅವರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು, ಸಭೆಗಳಲ್ಲಿ ಕನ್ನಡದಲ್ಲಿಯೇ ಮಾತನಾಡಿದರು. ಆ ಮಾತನ್ನು ನಮ್ಮವರು ಇಂದಿಗೂ ನೆನೆಯುತ್ತಾರೆ. ಆದರೂ ಗೆದ್ದವರು ಸೋನಿಯಾ ಅವರು. ಅಂತರ 56,100 ಮತಗಳು. ಪಕ್ಷಗಳ ವಿಚಾರ ನಮಗಿಲ್ಲಿ ಬೇಡ. ಕಿವಿಯನ್ನು ಕೊಟ್ಟವನು ಸಮ್ಮತಿಯನ್ನೂ ಕೊಟ್ಟನೆಂದು ಎಣಿಸಲಾಗದು ಎಂಬಷ್ಟೇ ಇಲ್ಲಿ ಗ್ರಾಹ್ಯ. ಹರಿದಾಸರೂ ಕನ್ನಡವನ್ನೇ ಹಿಡಿದರು. ಶ್ರೀ ಜಗನ್ನಾಥದಾಸರು 'ಹರಿಕಥಾಮೃತಸಾರ'ವನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದ್ದರಿಂದಲೇ ಸಂಸ್ಕೃತವರಿಯದ ನಮ್ಮ ತಾಯಂದಿರ ಬಾಯಿಗೂ ತಾರತಮ್ಯದ ವಿಷಯ ಬಂದಿತು. ಆದರೆ ಅಲ್ಲಿ ಭಾಷೆಯ ಹಿಂದೆ ಪ್ರಮೇಯವೂ ಇದೆ.

ಎರಡನೆಯದು ದೃಷ್ಟಾಂತ. ಹೆಚ್ಚಿನ ಜನ ಮರುಳಾಗುವುದೂ ಇಲ್ಲಿಯೇ. ಸಿರುಗುಪ್ಪದಲ್ಲಿ ಒಬ್ಬರು, "ಗದ್ದೆಗೆ ನೀರು ಹೇಗೋ ಮಕ್ಕಳಿಗೆ ಉಪದೇಶ ಹಾಗೆ, ಎಷ್ಟು ಹಾಯಿಸಿದರೂ ಒಳ್ಳೆಯದೇ" ಎಂದು ಹೇಳಿದರೆನ್ನೋಣ. ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವವರು ಕೂಡಲೇ ತಲೆದೂಗುವರು. ಅದೇ ಮಾತನ್ನು ಕುರುಗೋಡಿನಲ್ಲಿ, ಮೆಣಸಿನಕಾಯಿಯನ್ನು ಕಣದಲ್ಲಿ ಒಣಹಾಕಿ ಮೋಡ ನೋಡುತ್ತಿರುವ ರೈತನಿಗೆ ಹೇಳಿದರೆ? ಅವನಿಗೆ ಒಂದು ಮಳೆಯೇ ಹೆಚ್ಚು! ನೀರು ಅದೇ, ಫಲ ಬೇರೆ. ವ್ಯಾಪ್ತಿಯಿದ್ದಲ್ಲಿ ಮಾತ್ರ ದೃಷ್ಟಾಂತವು ಸಾಧಕ; ಇಲ್ಲದಿದ್ದಲ್ಲಿ ಅದು ಅಲಂಕಾರ. ಸಿರುಗುಪ್ಪದವರು ತಲೆದೂಗಿದ್ದು ನೀರಿನ ವಿಷಯಕ್ಕೆ. ಉಪದೇಶದ ವಿಷಯ ಇನ್ನೂ ಸಿದ್ಧವಾಗಿಲ್ಲ.

ಇನ್ನು ಅರ್ಥವಾದ, ಅಂದರೆ ಸ್ತುತಿ ನಿಂದೆಗಳು. ತಾತ್ಪರ್ಯಲಿಂಗಗಳಲ್ಲಿ ಇದಕ್ಕೂ ಸ್ಥಾನವುಂಟು. ಆದರೆ ಅದರ ಜೊತೆಗೇ ಉಪಪತ್ತಿಯನ್ನೂ ಎಣಿಸಿದ್ದಾರೆಂಬುದನ್ನು ಮರೆಯಬಾರದು. ದಾನಕ್ಕಾಗಿ ಬೇಡುವವರು ಫಲವನ್ನು ವರ್ಣಿಸಿ ಯುಕ್ತಿಯನ್ನು ಬಿಟ್ಟರೆ, ಮನೆಯ ಯಜಮಾನನು ಕೈಯನ್ನು ಚೀಲಕ್ಕೆ ಹಾಕುವ ಮೊದಲು ಕೇಳತಕ್ಕ ಪ್ರಶ್ನೆಗಳಿವೆ.

ನ್ಯಾಯಶಾಸ್ತ್ರದಲ್ಲಿ 22 ನಿಗ್ರಹಸ್ಥಾನಗಳಿದ್ದರೆ, ನಮ್ಮ ಸಿದ್ಧಾಂತದಲ್ಲಿ ಆರೇ ಸಾಕಾಗಿವೆ: ವಿರೋಧ, ಅಸಂಗತಿ, ನ್ಯೂನತೆ, ಆಧಿಕ್ಯ, ಸಂವಾದ, ಅನುಕ್ತಿ. ಇವುಗಳಲ್ಲಿ ಸಂವಾದವೆಂದರೆ ಎದುರಾಳಿಯು ಒಪ್ಪಿದ್ದನ್ನೇ ಸಾಧಿಸಹೊರಡುವುದು. ಅನುಕ್ತಿಯೆಂದರೆ ಹೇಳಬೇಕಾದಲ್ಲಿ ಸುಮ್ಮನಾಗುವುದು. ಆಧಿಕ್ಯವನ್ನು ವಿವರಿಸಬೇಕಿಲ್ಲ, ಮಂಗಳಾರತಿಯ ಹೊತ್ತು ಮೀರಿದ ಪ್ರವಚನಗಳಲ್ಲಿ ಎಲ್ಲರೂ ಅದನ್ನು ಅನುಭವಿಸಿದ್ದೇವೆ. ಮನೆಗೆ ಮರಳಿದ ಮೇಲೆ ಮಕ್ಕಳನ್ನು "ಪ್ರವಚನ ಚೆನ್ನಾಗಿತ್ತೇ?" ಎಂದು ಕೇಳುವ ಬದಲು, "ಅವರು ಹೇಳಿದ್ದೇನು? ಅದಕ್ಕೆ ಕೊಟ್ಟ ಹೇತು ಯಾವುದು?" ಎಂದು ಕೇಳಬಹುದು. ಉತ್ತರ ಬಾರದಿದ್ದರೆ, ಮರುದಿನ ಪ್ರವಚನಕಾರರನ್ನೇ ವಿನಯದಿಂದ ಕೇಳಲಿ.